ವೈಜ್ಞಾನಿಕ ಉಪಗ್ರಹಗಳ ಮಾದರಿ ರಚನೆ ಮತ್ತು ನಿಯಂತ್ರಣ

ಕಕ್ಷೆಯಲ್ಲಿರುವ ಉಪಗ್ರಹ ಯಾವ ಕ್ಷಣದಲ್ಲಿ ಎಲ್ಲಿರುತ್ತದೆ, ಎತ್ತ ಮುಖ ಮಾಡಿರುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿದು, ಆ ಲೆಕ್ಕದ ಬಲದ ಮೇಲೆ ಅದನ್ನು ಬೇಕಾದ ದಾರಿಯಲ್ಲಿ ನಡೆಸುವ, ಬೇಕಾದ ದಿಕ್ಕಿಗೆ ನಿಲ್ಲಿಸುವ ಎಂಜಿನಿಯರಿಂಗ್ ಶಾಖೆಯಿದು. ಉಪಗ್ರಹ ಮೇಲೇರಿದ ಮೇಲೆ ಸಾಮಾನ್ಯವಾಗಿ ಯಾರೂ ಅದನ್ನು ಮುಟ್ಟಿ ಸರಿಪಡಿಸಲಾರರು. ಆದ್ದರಿಂದ ಈ ಶಾಖೆಯಲ್ಲಿ ಮಾದರಿಯೇ ಯಂತ್ರದ ಪ್ರತಿನಿಧಿ. ಪ್ರತಿಯೊಂದು ಆದೇಶವನ್ನೂ ಮೊದಲು ಅದರ ಮೇಲೆ ಪ್ರಯೋಗಿಸಿ ನೋಡಿಯೇ ಮೇಲಕ್ಕೆ ಕಳಿಸುವುದು ರೂಢಿ.

ಸಂಪರ್ಕ ಉಪಗ್ರಹಕ್ಕೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ತಪ್ಪು ಬಂದರೂ ಕೆಲಸ ಸಾಗುತ್ತದೆ. ನಕ್ಷತ್ರವನ್ನೋ ಸೂರ್ಯನನ್ನೋ ನೋಡುವ ವೈಜ್ಞಾನಿಕ ಉಪಗ್ರಹದ ಕೆಲಸ ಆರ್ಕ್‌ಸೆಕೆಂಡುಗಳಲ್ಲಿ, ಎಂದರೆ ಡಿಗ್ರಿಯ 3600ನೇ ಒಂದು ಭಾಗದ ಲೆಕ್ಕದಲ್ಲಿ ನಡೆಯುತ್ತದೆ. ದಾವಣಗೆರೆಯಿಂದ ಹರಿಹರಕ್ಕೆ ನೇರ ಗೆರೆ ಎಳೆದರೆ ಸುಮಾರು 14 ಕಿ.ಮೀ. ಆ ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ ಕೋನದ ಅಗಲ ಹೆಚ್ಚುಕಡಿಮೆ 7 ಸೆಂ.ಮೀ. ಮಾತ್ರ. ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಓಡುತ್ತ, ಸುತ್ತಿನ ಒಂದು ಪಾಲು ಬಿಸಿಲಿನಲ್ಲಿ ಕಾದು ಉಳಿದ ಪಾಲು ಕತ್ತಲಲ್ಲಿ ತಣಿಯುವ ವಸ್ತುವಿನಿಂದ ಇಷ್ಟು ಸೂಕ್ಷ್ಮತೆಯನ್ನು ಬಯಸುವುದರಿಂದಲೇ ವೈಜ್ಞಾನಿಕ ಉಪಗ್ರಹದಲ್ಲಿ ಗುರಿಯಿಡುವುದೂ ಅಳತೆ ಮಾಡುವುದೂ ಬೇರೆ ಬೇರೆ ಕೆಲಸಗಳಾಗಿ ಉಳಿಯುವುದಿಲ್ಲ. ಉಪಗ್ರಹದ ಚಲನೆಯನ್ನು ಎಷ್ಟು ಚೆನ್ನಾಗಿ ಬಲ್ಲೆವೋ ಅದರ ವಿಜ್ಞಾನವೂ ಅಷ್ಟೇ ಚೆನ್ನಾಗಿರುತ್ತದೆ.

ಭಾರತದಲ್ಲಿ ಈ ವಿದ್ಯೆ ಬೆಳೆದದ್ದು ಬಹುಪಾಲು ಕರ್ನಾಟಕದಲ್ಲಿ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ ಉಪಗ್ರಹಗಳ ವಿನ್ಯಾಸ ಮತ್ತು ಚಲನಶಾಸ್ತ್ರದ ಲೆಕ್ಕ ನೋಡಿಕೊಳ್ಳುತ್ತದೆ. 1972ರಲ್ಲಿ ಆರಂಭವಾದ ಈ ಕೇಂದ್ರಕ್ಕೆ ಈಗಿನ ಹೆಸರು ಬಂದದ್ದು 2018ರಲ್ಲಿ. ದಿಕ್ಕು ಅರಿಯುವ ಸೆನ್ಸರ್‌ಗಳು ಪೀಣ್ಯದ ಲಿಯೋಸ್ ಪ್ರಯೋಗಾಲಯದಲ್ಲಿ ತಯಾರಾಗುತ್ತವೆ. ಆದೇಶ ಕಳಿಸುವುದು ಇಸ್ರೊದ ಸಂಪರ್ಕ ಜಾಲ ಇಸ್ಟ್ರಾಕ್. ದೂರದ ನೌಕೆಗಳ ದನಿಯನ್ನು ಬ್ಯಾಲಾಳಿನ 32 ಮೀಟರ್ ಆಂಟೆನಾ ಹಿಡಿಯುತ್ತದೆ. ಭೂಸ್ಥಿರ ಉಪಗ್ರಹಗಳ ಹೊಣೆ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದ್ದು. ರಿಯಾಕ್ಷನ್ ವೀಲ್ ಮತ್ತು ಗೈರೋಗಳು ಮಾತ್ರ ತಿರುವನಂತಪುರದಿಂದ ಬರುತ್ತವೆ.

ಕಕ್ಷೆಯ ಮಾದರಿ

ಭೂಮಿ ಪರಿಪೂರ್ಣ ಗೋಳವಾಗಿದ್ದರೆ ಉಪಗ್ರಹದ ಲೆಕ್ಕ ಕೆಪ್ಲರನ ದೀರ್ಘವೃತ್ತದಲ್ಲೇ ಮುಗಿಯುತ್ತಿತ್ತು. ಆದರೆ ಸಮಭಾಜಕದ ಬಳಿ ಭೂಮಿಯ ತ್ರಿಜ್ಯ ಧ್ರುವಗಳಲ್ಲಿರುವುದಕ್ಕಿಂತ ಸುಮಾರು 21 ಕಿ.ಮೀ. ಹೆಚ್ಚು. ಈ ಉಬ್ಬು ಕಕ್ಷೆಯ ತಲವನ್ನೇ ನಿಧಾನವಾಗಿ ಹೊರಳಿಸುತ್ತದೆ. ಭಾರತದ ಖಗೋಳ ವೀಕ್ಷಣಾಲಯ ಆಸ್ಟ್ರೋಸ್ಯಾಟ್ ಅನ್ನು 2015ರ ಸೆಪ್ಟೆಂಬರ್ 28ರಂದು 650 ಕಿ.ಮೀ. ಎತ್ತರದ, ಸಮಭಾಜಕಕ್ಕೆ ಕೇವಲ 6 ಡಿಗ್ರಿ ಓರೆಯಾದ ಕಕ್ಷೆಗೆ ಸೇರಿಸಲಾಯಿತು. ಸೂತ್ರಕ್ಕೆ ಈ ಎರಡು ಅಂಕಿಗಳನ್ನು ಹಾಕಿದರೆ ಅದರ ಕಕ್ಷಾತಲ ದಿನಕ್ಕೆ ಸುಮಾರು 7 ಡಿಗ್ರಿ ಹೊರಳುತ್ತದೆ, 51 ದಿನಗಳಲ್ಲಿ ಒಂದು ಪೂರ್ತಿ ಸುತ್ತು ಹಾಕುತ್ತದೆ ಎಂದು ಸಿಗುತ್ತದೆ. ಯಾವ ನಕ್ಷತ್ರ ಯಾವ ವಾರದಲ್ಲಿ ಭೂಮಿಯ ಮರೆಗೆ ಹೋಗುತ್ತದೆ ಎಂಬ ವೀಕ್ಷಣಾ ವೇಳಾಪಟ್ಟಿಯೆಲ್ಲ ಈ ಹೊರಳಿಕೆಯನ್ನು ಹಿಡಿದೇ ತಯಾರಾಗಬೇಕು.

ಇಷ್ಟು ಕಡಿಮೆ ಓರೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಭೂಮಿಯ ಕಾಂತಕ್ಷೇತ್ರ ದುರ್ಬಲವಾಗಿದ್ದು, ವಿದ್ಯುದಾವೇಶದ ಕಣಗಳು ಅಲ್ಲಿ ಕೆಳಗಿಳಿದು ಎಕ್ಸ್-ಕಿರಣ ಉಪಕರಣಗಳನ್ನು ಕಾಡುತ್ತವೆ. ಸಮಭಾಜಕದ ಹತ್ತಿರವೇ ಸುತ್ತಿದರೆ ಆ ಪ್ರದೇಶದ ಅಂಚನ್ನಷ್ಟೇ ದಾಟಿದಂತಾಗುತ್ತದೆ. ಇದರ ಇನ್ನೊಂದು ಫಲವೆಂದರೆ ಉಪಗ್ರಹ ಬೆಂಗಳೂರಿನ ಕೇಂದ್ರಕ್ಕೆ ಪ್ರತಿ ಸುತ್ತಿನಲ್ಲೂ ದಿಗಂತದ ಮೇಲೆ ಬರುತ್ತದೆ. ದಾವಣಗೆರೆ ಇರುವುದು ಉತ್ತರ ಅಕ್ಷಾಂಶ 14.5 ಡಿಗ್ರಿಯ ಆಸುಪಾಸಿನಲ್ಲಿ. ರೇಖಾಗಣಿತ ಹಾಕಿ ನೋಡಿದರೆ ಆಸ್ಟ್ರೋಸ್ಯಾಟ್ ಅಲ್ಲಿನ ಆಕಾಶದಲ್ಲಿ ಎಂದೂ ನೆತ್ತಿಗೆ ಬರುವುದಿಲ್ಲ. ದಕ್ಷಿಣ ದಿಗಂತದಿಂದ ಹೆಚ್ಚೆಂದರೆ 30 ಡಿಗ್ರಿಯಷ್ಟು ಏರಿ ಪೂರ್ವಕ್ಕೆ ಇಳಿಯುತ್ತದೆ. ಪಿಯುಸಿ ತ್ರಿಕೋನಮಿತಿ ಬಲ್ಲ ವಿದ್ಯಾರ್ಥಿ ಕಾಗದದ ಮೇಲೆ ಮಾಡಿ ನೋಡಬಹುದಾದ ಲೆಕ್ಕವಿದು.

ಕೆಳಕಕ್ಷೆಯಲ್ಲಿ ಅಳಿದುಳಿದ ವಾಯುಮಂಡಲದ ತಡೆಯನ್ನು ಲೆಕ್ಕಕ್ಕೆ ತರುವುದು ಎಲ್ಲಕ್ಕಿಂತ ಕಷ್ಟ. ಸೂರ್ಯ ಉಗ್ರನಾದ ವರ್ಷಗಳಲ್ಲಿ ಮೇಲಿನ ವಾಯುಮಂಡಲ ಉಬ್ಬಿ ಉಪಗ್ರಹವನ್ನು ಹೆಚ್ಚು ಕೆಳಕ್ಕೆಳೆಯುತ್ತದೆ. ಆದ್ದರಿಂದ ಕಕ್ಷೆಯ ಮಾದರಿಯೊಳಗೆ ಸೂರ್ಯನ ಹವಾಮಾನವೂ ಸೇರಿಕೊಳ್ಳುತ್ತದೆ. 1975ರಲ್ಲಿ ಸುಮಾರು 600 ಕಿ.ಮೀ. ಎತ್ತರಕ್ಕೆ ಹೋದ ಭಾರತದ ಮೊದಲ ಉಪಗ್ರಹ ಆರ್ಯಭಟ ಹೀಗೆ ಇಳಿಯುತ್ತ ಇಳಿಯುತ್ತ 1992ರ ಫೆಬ್ರವರಿಯಲ್ಲಿ ವಾಯುಮಂಡಲಕ್ಕೆ ಮರಳಿತು.

ನಿಲುವಿನ ಮಾದರಿ

ಉಪಗ್ರಹ ಎತ್ತ ಮುಖ ಮಾಡಿದೆ ಎಂಬುದಕ್ಕೆ ಇಲ್ಲಿ ನಿಲುವು ಎನ್ನೋಣ. ಇದರ ಮೂಲ ಸಮೀಕರಣಗಳನ್ನು ಆಯ್ಲರ್ 18ನೇ ಶತಮಾನದಲ್ಲೇ ಕೊಟ್ಟಿದ್ದ. ಗಟ್ಟಿ ವಸ್ತುವಿನ ಜಡತ್ವ ಮತ್ತು ಅದರ ಮೇಲಿನ ಟಾರ್ಕ್, ಎಂದರೆ ತಿರುಗಿಸುವ ಬಲ, ಗೊತ್ತಿದ್ದರೆ ಅದು ಹೇಗೆ ತಿರುಗುತ್ತದೆ ಎಂಬುದು ಗೊತ್ತಾದಂತೆ. ತಿರುವನ್ನು ದಾಖಲಿಸಲು ಮೂರು ಕೋನಗಳ ಬದಲು ಹ್ಯಾಮಿಲ್ಟನ್ 1843ರಲ್ಲಿ ಕಂಡುಕೊಂಡ ನಾಲ್ಕು ಅಂಕಿಗಳ ಕ್ವಾಟರ್ನಿಯನ್ ಬಳಸುತ್ತಾರೆ. ಕೋನಗಳ ಲೆಕ್ಕ ಕೆಲವು ನಿಲುವುಗಳಲ್ಲಿ ಶೂನ್ಯದಿಂದ ಭಾಗಿಸುವ ಇಕ್ಕಟ್ಟಿಗೆ ಬೀಳುತ್ತದೆ, ಕ್ವಾಟರ್ನಿಯನ್ ಬೀಳುವುದಿಲ್ಲ.

ತೊಡಕು ಇರುವುದು ಉಪಗ್ರಹ ನಿಜಕ್ಕೂ ಗಟ್ಟಿ ವಸ್ತುವಲ್ಲ ಎಂಬುದರಲ್ಲಿ. ಸೌರಫಲಕಗಳು ಬಾಗುತ್ತವೆ, ಟ್ಯಾಂಕಿನಲ್ಲಿರುವ ಇಂಧನ ತುಳುಕುತ್ತದೆ, ನೆರಳಿನಿಂದ ಬಿಸಿಲಿಗೆ ಬಂದಾಗ ಚೌಕಟ್ಟು ಹಿಗ್ಗುತ್ತದೆ. ಫಲಕ ತೂಗಾಡುವ ಆವರ್ತನಕ್ಕೂ ನಿಯಂತ್ರಕ ಪ್ರತಿಕ್ರಿಯಿಸುವ ವೇಗಕ್ಕೂ ಹೊಂದಾಣಿಕೆ ತಪ್ಪಿದರೆ ಸರಿಪಡಿಸಲು ಹೋದ ನಿಯಂತ್ರಕವೇ ತೂಗಾಟವನ್ನು ಹೆಚ್ಚಿಸುತ್ತದೆ. ಇದನ್ನು ತಪ್ಪಿಸುವುದು ಸಂಶೋಧನಾ ಪ್ರಬಂಧಗಳ ಬಹುದೊಡ್ಡ ಪಾಲಿನ ವಸ್ತು.

ನಿಲುವನ್ನು ಅರಿಯಲು ಮುಖ್ಯವಾಗಿ ಎರಡು ಸಾಧನಗಳಿವೆ. ಸ್ಟಾರ್ ಸೆನ್ಸರ್ ಎಂಬ ಪುಟ್ಟ ಕ್ಯಾಮೆರಾ ಎದುರಿಗಿರುವ ನಕ್ಷತ್ರಗಳ ಜೋಡಣೆಯನ್ನು ತನ್ನ ಸ್ಮೃತಿಯಲ್ಲಿರುವ ನಕ್ಷತ್ರಪಟ್ಟಿಯ ಜೊತೆ ಹೋಲಿಸಿ ದಿಕ್ಕನ್ನು ಹೇಳುತ್ತದೆ. ನಿಖರವಾದರೂ ಅದು ಕೊಂಚ ನಿಧಾನ. ಗೈರೋ ತಿರುಗುವ ವೇಗವನ್ನು ಕ್ಷಣಕ್ಷಣಕ್ಕೂ ಅಳೆಯುತ್ತದೆ, ಆದರೆ ಅದರ ಸಣ್ಣ ತಪ್ಪು ಹೊತ್ತು ಕಳೆದಂತೆ ಕೂಡುತ್ತ ಹೋಗುತ್ತದೆ. ಇವೆರಡನ್ನೂ ಬೆರೆಸುವ ವಿಧಾನವೇ ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಕಾಲ್ಮನ್ ಫಿಲ್ಟರ್. ಮಾದರಿ ಹೇಳುವುದನ್ನೂ ಸೆನ್ಸರ್ ಹೇಳುವುದನ್ನೂ ಅವುಗಳ ವಿಶ್ವಾಸಾರ್ಹತೆಗೆ ತಕ್ಕಂತೆ ತೂಗಿ ಅದು ಒಂದು ಅಂದಾಜು ಕೊಡುತ್ತದೆ, ಜೊತೆಗೆ ಗೈರೋದ ತಪ್ಪನ್ನೂ ಕಲಿತುಕೊಳ್ಳುತ್ತದೆ.

ತಿರುಗಿಸುವ ಕೆಲಸ ರಿಯಾಕ್ಷನ್ ವೀಲ್‌ಗಳದ್ದು. ಒಳಗಿನ ಚಕ್ರವನ್ನು ಒಂದು ದಿಕ್ಕಿಗೆ ವೇಗವಾಗಿಸಿದರೆ ಉಪಗ್ರಹ ಎದುರು ದಿಕ್ಕಿಗೆ ತಿರುಗುತ್ತದೆ. ಇಂಧನ ಬೇಡ, ವಿದ್ಯುತ್ ಸಾಕು. ಆದರೆ ಚಕ್ರ ಎಷ್ಟೇ ಸಮತೂಕವಾಗಿದ್ದರೂ ಕೂದಲೆಳೆಯ ದೋಷ ಉಳಿದೇ ಇರುತ್ತದೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಿಂದ ಲೇತ್‌ಗಳನ್ನು ತಯಾರಿಸಿದ ಹರಿಹರದಲ್ಲಿ ಇದನ್ನು ವಿವರಿಸುವ ಅಗತ್ಯವೇ ಇರಲಾರದು. ಚಕ್ಕಿನಲ್ಲಿ ಹಿಡಿದ ಜಾಬ್ ಒಂದು ಕಡೆ ಭಾರವಾಗಿದ್ದರೆ ವೇಗ ಹೆಚ್ಚಿದಂತೆ ಯಂತ್ರವೆಲ್ಲ ನಡುಗುವಂತೆಯೇ ಈ ಚಕ್ರಗಳ ನಡುಕ ದೂರದರ್ಶಕದವರೆಗೂ ಹರಡಿ ಚಿತ್ರವನ್ನು ಮಸುಕಾಗಿಸುತ್ತದೆ. ಹಾಗಾಗಿ ಯಾವ ವೇಗದಲ್ಲಿ ಚಕ್ರವನ್ನು ಓಡಿಸಬಾರದು ಎಂಬುದೂ ನಿಯಂತ್ರಣ ನಿಯಮದ ಭಾಗ.

ಬಾಹ್ಯ ಟಾರ್ಕ್‌ಗಳನ್ನು ನುಂಗುತ್ತ ನುಂಗುತ್ತ ಚಕ್ರಗಳು ಗರಿಷ್ಠ ವೇಗ ತಲುಪುತ್ತವೆ. ಕೂಡಿಟ್ಟ ಈ ಕೋನೀಯ ಸಂವೇಗವನ್ನು ಹೊರಹಾಕಲು ಒಂದೋ ಥ್ರಸ್ಟರ್ ಉರಿಸಬೇಕು, ಇಲ್ಲವೇ ಮ್ಯಾಗ್ನೆಟಿಕ್ ಟಾರ್ಕರ್ ಎಂಬ ತಂತಿಸುರುಳಿಗೆ ವಿದ್ಯುತ್ ಹರಿಸಿ ಭೂಮಿಯ ಕಾಂತಕ್ಷೇತ್ರದ ಮೇಲೆ ಒತ್ತಬೇಕು. ಹೊಗೆಯಿಂದ ಕನ್ನಡಿಗಳು ಕೆಡುವ ಭಯವಿರುವ ದೂರದರ್ಶಕಗಳಿಗೆ ಎರಡನೆಯದೇ ಲೇಸು. ಆದರೆ ಕಾಂತಕ್ಷೇತ್ರದ ದಿಕ್ಕಿನ ಸುತ್ತ ಈ ಸುರುಳಿ ಯಾವ ಟಾರ್ಕನ್ನೂ ಕೊಡಲಾರದು, ಅದಕ್ಕೆ ಲಂಬವಾಗಿ ಮಾತ್ರ ಕೊಡಬಲ್ಲದು. ಧ್ರುವಗಳ ಮೇಲೆ ಹಾಯುವ ಉಪಗ್ರಹಕ್ಕೆ ಕ್ಷೇತ್ರದ ದಿಕ್ಕು ಸುತ್ತಿನುದ್ದಕ್ಕೂ ಬದಲಾಗುವುದರಿಂದ ಒಮ್ಮೆ ಸಿಗದ ಅಕ್ಷ ಇನ್ನೊಮ್ಮೆ ಸಿಗುತ್ತದೆ. ಸಮಭಾಜಕದ ಬಳಿ ಸುತ್ತುವ ಆಸ್ಟ್ರೋಸ್ಯಾಟ್‌ನಂಥದ್ದಕ್ಕೆ ಕ್ಷೇತ್ರ ಸದಾ ಹೆಚ್ಚುಕಡಿಮೆ ಉತ್ತರಕ್ಕೇ ಮುಖ ಮಾಡಿರುತ್ತದೆ. ಉತ್ತರ-ದಕ್ಷಿಣ ಅಕ್ಷದ ಸುತ್ತ ಕೂಡಿದ ಸಂವೇಗವನ್ನು ಕಳೆಯಲು ಕಾಂತ ಧ್ರುವಗಳ ಓರೆ ಮತ್ತು ಕಕ್ಷೆಯ ಓರೆ ಒದಗಿಸುವ ಅಲ್ಪ ವ್ಯತ್ಯಾಸವೇ ಗತಿ. ವಿಕಿರಣದ ದೃಷ್ಟಿಯಿಂದ ಒಳ್ಳೆಯದಾದ ಕಕ್ಷೆ ನಿಯಂತ್ರಣದ ದೃಷ್ಟಿಯಿಂದ ಬಿಗಿಯಾದದ್ದು. ಇಂಥ ಎಳೆದಾಟಗಳು ಪ್ರತಿ ವೈಜ್ಞಾನಿಕ ಉಪಗ್ರಹದಲ್ಲೂ ಇರುತ್ತವೆ.

ಪೀಣ್ಯದಿಂದ ಆರಂಭ

ಉಡುಪಿ ಜಿಲ್ಲೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ (ಯು. ಆರ್.) ರಾವ್ ವಿಶ್ವಕಿರಣಗಳ ಸಂಶೋಧಕರಾಗಿದ್ದವರು. ಅವರ ನೇತೃತ್ವದ ತಂಡ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಕಟ್ಟಿದ 360 ಕಿ.ಗ್ರಾಂ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ದೇಶದ ಮೊದಲ ಉಪಗ್ರಹವೇ ವೈಜ್ಞಾನಿಕ ಉಪಗ್ರಹವಾಗಿತ್ತು ಎಂಬುದನ್ನು ನೆನಪಿಡಬೇಕು. ಎಕ್ಸ್-ಕಿರಣ ಖಗೋಳ, ಸೌರ ಭೌತವಿಜ್ಞಾನ ಮತ್ತು ಮೇಲ್ವಾಯುಮಂಡಲ ಅದರ ಮೂರು ವಿಷಯಗಳು.

26 ಮುಖಗಳ ಆರ್ಯಭಟವನ್ನು ಅನಿಲದ ಚಿಮ್ಮುವಿಕೆಯಿಂದ ತನ್ನ ಅಕ್ಷದ ಸುತ್ತ ತಿರುಗಿಸಿ ಸ್ಥಿರಗೊಳಿಸಲಾಗಿತ್ತು. ತಿರುಗುವ ವಸ್ತು ತನ್ನ ಅಕ್ಷವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಬಿಸಿಲೂ ಎಲ್ಲ ಮುಖಗಳಿಗೆ ಸಮನಾಗಿ ಬೀಳುತ್ತದೆ. ಆದರೆ ತಿರುಗುವ ಉಪಗ್ರಹದಲ್ಲಿ ಕುಳಿತ ಉಪಕರಣ ಆಕಾಶವನ್ನು ಗುಡಿಸುತ್ತ ಹೋಗಬಲ್ಲದೇ ಹೊರತು ಒಂದೇ ನಕ್ಷತ್ರವನ್ನು ದಿಟ್ಟಿಸಲಾರದು. ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತವು. ಉಪಗ್ರಹದ ಸಂಪರ್ಕ ಮಾತ್ರ ಬಹುಕಾಲ ಉಳಿದು ಕಕ್ಷೆ ಮತ್ತು ತಿರುಗುವಿಕೆಯ ಲೆಕ್ಕಗಳನ್ನು ನೈಜ ದತ್ತಾಂಶದ ಮುಂದೆ ಒರೆಹಚ್ಚಲು ನೆರವಾಯಿತು. ಆ ಶೆಡ್‌ಗಳಲ್ಲಿ ಪಳಗಿದ ತಂಡ ಮುಂದೆ ಬಂದ ಭಾಸ್ಕರ ಉಪಗ್ರಹಗಳಿಗೆ ಬೇಕಾದ ಕೌಶಲವನ್ನು ಪಡೆದದ್ದು ಹೀಗೆ.

ಮೂರೂ ಅಕ್ಷಗಳಲ್ಲಿ ಸ್ಥಿರವಾಗಿ ನಿಲ್ಲುವ ವಿದ್ಯೆ ಬಂದದ್ದು 1981ರ ಜೂನ್ 19ರಂದು ಹಾರಿದ ಆಪಲ್ ಸಂಪರ್ಕ ಉಪಗ್ರಹದ ಮೂಲಕ. ಅದರ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಒಂದೇ ರೆಕ್ಕೆಯ ಉಪಗ್ರಹದ ಜಡತ್ವವೂ ಅದರ ಮೇಲೆ ಬೀಳುವ ಬಿಸಿಲಿನ ಒತ್ತಡವೂ ಹಿಂದೆ ಹಾಕಿದ ಲೆಕ್ಕಕ್ಕಿಂತ ಬೇರೆ. ಆದರೂ ಅದು ಎರಡು ವರ್ಷಕ್ಕೂ ಹೆಚ್ಚು ಕಾಲ ಸೇವೆ ಸಲ್ಲಿಸಿತು. ಈ ಅವಧಿಯ ನಿಯಂತ್ರಣ ವ್ಯವಸ್ಥೆಗಳನ್ನು ರೂಪಿಸಿದವರಲ್ಲಿ ಪ್ರೇಮ್ ಶಂಕರ್ ಗೋಯಲ್ ಪ್ರಮುಖರು. ಅವರು ಮುಂದೆ ಇದೇ ಕೇಂದ್ರದ ನಿರ್ದೇಶಕರಾದರು.

ಆಸ್ಟ್ರೋಸ್ಯಾಟ್: ಅಲುಗಾಟವನ್ನು ಅರಿತು ಅಳಿಸುವುದು

ಆಸ್ಟ್ರೋಸ್ಯಾಟ್ ಸುಮಾರು 1500 ಕಿ.ಗ್ರಾಂ ತೂಕದ ವೀಕ್ಷಣಾಲಯ. ರಿಯಾಕ್ಷನ್ ವೀಲ್‌ಗಳು, ಮ್ಯಾಗ್ನೆಟಿಕ್ ಟಾರ್ಕರ್‌ಗಳು, ಗೈರೋಗಳು ಮತ್ತು ಎರಡು ಸ್ಟಾರ್ ಸೆನ್ಸರ್‌ಗಳು ಅದರ ನಿಲುವನ್ನು ಕಾಯುತ್ತವೆ. ಅದರ ಉಪಕರಣಗಳಲ್ಲಿ ನಿಯಂತ್ರಣದ ದೃಷ್ಟಿಯಿಂದ ಬಹಳ ಕಲಿಸುವಂಥದ್ದು ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ತಯಾರಾದ ಅತಿನೇರಳೆ ದೂರದರ್ಶಕ ಯುವಿಐಟಿ. ಇದು ಒಂದೂವರೆ ಆರ್ಕ್‌ಸೆಕೆಂಡಿನ ಆಸುಪಾಸಿನ ವಿವರವನ್ನು ಕಾಣಬಲ್ಲದು. ಆದರೆ ಉಪಗ್ರಹ ಅದಕ್ಕಿಂತ ಎಷ್ಟೋ ಹೆಚ್ಚು ಅಲೆದಾಡುತ್ತಿರುತ್ತದೆ.

ಅಲೆದಾಟವನ್ನು ಪೂರ್ತಿ ನಿಲ್ಲಿಸುವ ದುಬಾರಿ ಹಾದಿಯನ್ನು ವಿನ್ಯಾಸಕಾರರು ಹಿಡಿಯಲಿಲ್ಲ. ಯುವಿಐಟಿ ಒಂದೊಂದು ಫೋಟಾನು ಬಂದ ಹೊತ್ತು ಮತ್ತು ಜಾಗವನ್ನು ಬರೆದಿಡುತ್ತದೆ, ಸೆಕೆಂಡಿಗೆ ಸುಮಾರು 29 ಚೌಕಟ್ಟುಗಳಲ್ಲಿ. ಜೊತೆಗೇ ಇರುವ ದೃಗ್ಗೋಚರ ಬೆಳಕಿನ ಕ್ಯಾಮೆರಾ ಪರಿಚಿತ ನಕ್ಷತ್ರಗಳ ಚಿತ್ರ ತೆಗೆಯುತ್ತಲೇ ಇರುತ್ತದೆ. ಆ ನಕ್ಷತ್ರಗಳು ಚೌಕಟ್ಟಿನಲ್ಲಿ ಎಷ್ಟು ಜಾರಿದವು ಎಂಬುದರಿಂದ ಉಪಗ್ರಹದ ಅಲೆದಾಟ ಸಿಗುತ್ತದೆ. ನೆಲದ ಮೇಲಿನ ಕಂಪ್ಯೂಟರಿನಲ್ಲಿ ಪ್ರತಿ ಫೋಟಾನನ್ನೂ ಅಷ್ಟೇ ಹಿಂದಕ್ಕೆ ಸರಿಸಿ ಕೂಡಿದರೆ ಚುಕ್ಕಿಯಂಥ ಚಿತ್ರ ಮೂಡುತ್ತದೆ. ಅಲುಗದಂತೆ ಹಿಡಿಯಲಾಗದಿದ್ದರೂ ಹೇಗೆ ಅಲುಗಿತೆಂದು ತಿಳಿದರೆ ಸಾಕು ಎಂಬ ಈ ವಿಚಾರ ನನಗೆ ಇಡೀ ಕ್ಷೇತ್ರದ ಅತ್ಯಂತ ಸುಂದರ ಪಾಠಗಳಲ್ಲಿ ಒಂದಾಗಿ ಕಾಣುತ್ತದೆ. 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಿಂದ ಬಂದ ತೀವ್ರ ಅತಿನೇರಳೆ ಬೆಳಕನ್ನು ಇದೇ ಉಪಕರಣ ಹಿಡಿದ ವರದಿ 2020ರಲ್ಲಿ ಪ್ರಕಟವಾಯಿತು. ಅಷ್ಟು ಕ್ಷೀಣ ಬೆಳಕಿಗೆ ಗಂಟೆಗಟ್ಟಲೆ ವೀಕ್ಷಣೆ ಬೇಕು, ಆ ಗಂಟೆಗಳುದ್ದಕ್ಕೂ ಅಲೆದಾಟದ ಲೆಕ್ಕ ಸರಿಯಿರಬೇಕು.

ಉಪಗ್ರಹವನ್ನು ತಿರುಗಿಸುವ ಹಾದಿಗೂ ನಿಷೇಧಗಳಿವೆ. ಸೂರ್ಯನ ಸಮೀಪಕ್ಕೆ ದೂರದರ್ಶಕ ಹೊರಳಬಾರದು. ಓಡುತ್ತಿರುವ ದಿಕ್ಕಿಗೇ ಮುಖ ಮಾಡಿದರೆ ಅಲ್ಲಿನ ಆಮ್ಲಜನಕದ ಪರಮಾಣುಗಳು ಕನ್ನಡಿಗೆ ಬಡಿದು ಅದನ್ನು ಕೆಡಿಸುತ್ತವೆ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹೊರಳುವಾಗ ಈ ನಿಷಿದ್ಧ ವಲಯಗಳನ್ನೆಲ್ಲ ಬಳಸಿ ಹೋಗುವ ದಾರಿ ಹುಡುಕುವುದು ತನ್ನಷ್ಟಕ್ಕೇ ಒಂದು ಗಣಿತ ಸಮಸ್ಯೆ.

ಸೆನ್ಸರ್ ಸತ್ತಾಗ

2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರ ಸ್ಟಾರ್ ಸೆನ್ಸರ್‌ಗಳು 2009ರ ಬೇಸಿಗೆಯಲ್ಲಿ ಕೆಲಸ ನಿಲ್ಲಿಸಿದವು. ಚಂದ್ರನನ್ನು 100 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿದ್ದ ನೌಕೆಗೆ ತನ್ನ ನಿಲುವು ಹೇಳುವ ನಿಖರ ಕಣ್ಣೇ ಇಲ್ಲವಾಯಿತು. ಬೆಂಗಳೂರಿನ ತಂಡ ಗೈರೋಗಳನ್ನೇ ಮುಖ್ಯ ಆಧಾರ ಮಾಡಿಕೊಂಡು, ಇತರ ಸೆನ್ಸರ್‌ಗಳ ಮಾಹಿತಿಯಿಂದ ಅವುಗಳ ತಪ್ಪನ್ನು ಆಗಾಗ ತಿದ್ದುತ್ತ ಕೆಲಸ ಮುಂದುವರಿಸಿತು. ಮೇ 19ರಂದು ಕಕ್ಷೆಯನ್ನು 200 ಕಿ.ಮೀ.ಗೆ ಏರಿಸಲಾಯಿತು. ಆಗಸ್ಟ್ 29ರಂದು ಸಂಪರ್ಕ ಕಡಿದುಹೋಗುವವರೆಗೂ ನೌಕೆ ವಿಜ್ಞಾನದ ಕೆಲಸ ಮಾಡಿತು. ಒಳ್ಳೆಯ ಮಾದರಿಯ ಬೆಲೆ ಗೊತ್ತಾಗುವುದು ಇಂಥ ತಿಂಗಳುಗಳಲ್ಲಿ.

ತಿರುಗುವುದೇ ಅಳತೆ; ನಿಲ್ಲದ ಜಾಗದಲ್ಲಿ ನಿಲ್ಲುವುದು

2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್ ಎಕ್ಸ್-ಕಿರಣಗಳ ಧ್ರುವೀಕರಣ ಅಳೆಯುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ತಯಾರಿಸಿದ ಪೋಲಿಕ್ಸ್ ಉಪಕರಣ ನೋಡುವ ದಿಕ್ಕನ್ನೇ ಅಕ್ಷವಾಗಿಸಿ ಉಪಗ್ರಹ ನಿಧಾನವಾಗಿ ಸುತ್ತುತ್ತದೆ. ಸುತ್ತುವಾಗ ಎಣಿಕೆ ಏರಿಳಿದರೆ ಆ ಏರಿಳಿತವೇ ಧ್ರುವೀಕರಣದ ಸುಳಿವು. ಸುತ್ತುವ ವೇಗ ಎಡವಿದರೆ ಅಥವಾ ಅಕ್ಷ ಓಲಾಡಿದರೆ ಇಲ್ಲದ ಧ್ರುವೀಕರಣ ಕಂಡೀತು. ಆರ್ಯಭಟದ ತಿರುಗುವಿಕೆ ಇಲ್ಲಿ ನಕ್ಷತ್ರದ ಮೇಲೆ ನಟ್ಟ ನೋಟದ ಜೊತೆ ಕೂಡಿಕೊಂಡಿದೆ.

ಸೂರ್ಯನನ್ನು ನೋಡುವ ಆದಿತ್ಯ-ಎಲ್1 ಬೇರೆಯೇ ಬಗೆಯದು. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ, ಸೂರ್ಯ-ಭೂಮಿಗಳ ಸೆಳೆತ ಹದವಾಗಿ ಕೂಡುವ ಲಾಗ್ರಾಂಜ್ ಬಿಂದುವಿನ ಸುತ್ತಲ ಹೇಲೋ ಕಕ್ಷೆ ಸೇರಿತು. ಅಲ್ಲಿ ಒಂದು ಸುತ್ತಿಗೆ ಸುಮಾರು 178 ದಿನ. ಆ ಕಕ್ಷೆ ಅಸ್ಥಿರವಾದದ್ದು. ಸಣ್ಣ ತಪ್ಪು ಸುಮಾರು 23 ದಿನಕ್ಕೊಮ್ಮೆ ಎರಡೂಮುಕ್ಕಾಲು ಪಟ್ಟಾಗುತ್ತ ಹೋಗುತ್ತದೆ. ಕಾಯುತ್ತ ಕುಳಿತರೆ ತಿದ್ದಲು ಬೇಕಾದ ಇಂಧನವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಆದರೆ ಪದೇ ಪದೇ ತಿದ್ದಿದರೆ ಕಕ್ಷೆಯ ಅಳತೆಯೇ ಕಲಕುತ್ತದೆ. ಚದರ ಮೀಟರಿಗೆ ನ್ಯೂಟನ್ನಿನ ಹತ್ತು ಲಕ್ಷದಲ್ಲಿ ನಾಲ್ಕೂವರೆ ಭಾಗದಷ್ಟಿರುವ ಬಿಸಿಲಿನ ಒತ್ತಡ ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 2024ರ ಫೆಬ್ರವರಿ 22, ಜೂನ್ 7 ಮತ್ತು ಜುಲೈ 2ರಂದು ತಿದ್ದುಪಡಿಗಳು ನಡೆದು ಮೊದಲ ಸುತ್ತು ಪೂರ್ಣವಾದಾಗ, ಯು. ಆರ್. ರಾವ್ ಕೇಂದ್ರದಲ್ಲೇ ಬರೆದ ಪಥಗಣನೆಯ ತಂತ್ರಾಂಶ ಪರೀಕ್ಷೆಯಲ್ಲಿ ಗೆದ್ದಿತೆಂದು ಇಸ್ರೊ ಪ್ರಕಟಿಸಿತು.

ನಿಲುವಿನ ಸಮಸ್ಯೆಯೂ ಅಷ್ಟೇ ಕಟು. ಆದಿತ್ಯದ ವಿಇಎಲ್‌ಸಿ ಉಪಕರಣ ಸೂರ್ಯಬಿಂಬವನ್ನು ಮರೆಮಾಡಿ ಅದರ ಅಂಚಿನಿಂದ ತ್ರಿಜ್ಯದ ಶೇ. 5ರಷ್ಟು ಆಚೆಯ ಪ್ರಭಾವಲಯವನ್ನೂ (ಕರೋನಾ) ನೋಡಲು ರೂಪುಗೊಂಡದ್ದು. ಸೂರ್ಯನ ತ್ರಿಜ್ಯ ಆಕಾಶದಲ್ಲಿ ಸುಮಾರು 960 ಆರ್ಕ್‌ಸೆಕೆಂಡ್. ಎಂದರೆ ಮರೆಗೂ ಬಿಂಬದ ಅಂಚಿಗೂ ನಡುವೆ ಉಳಿಯುವ ಅಂತರ ಸುಮಾರು 48 ಆರ್ಕ್‌ಸೆಕೆಂಡ್ ಮಾತ್ರ. ಅದನ್ನು ಮೀರಿ ಜಾರಿದರೆ ಹತ್ತು ಲಕ್ಷ ಪಟ್ಟು ಪ್ರಖರವಾದ ಬಿಂಬದ ಬೆಳಕು ಒಳನುಗ್ಗುತ್ತದೆ.

ಕಾಲೇಜುಗಳಲ್ಲಿ

ದಾವಣಗೆರೆ-ಹರಿಹರದಲ್ಲಿ ಉಪಗ್ರಹ ಕಟ್ಟುವ ಸಂಸ್ಥೆಯಿಲ್ಲ. ಆದರೆ ಈ ಸಂಶೋಧನೆಯ ಬಹುಭಾಗಕ್ಕೆ ಶುಭ್ರಕೋಣೆಯೂ ರಾಕೆಟ್ಟೂ ಬೇಡ, ಗಣಿತ ಮತ್ತು ಕಂಪ್ಯೂಟರ್ ಸಾಕು. 1951ರಲ್ಲಿ ಶುರುವಾದ ದಾವಣಗೆರೆಯ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಸಂಸ್ಥೆ ಇಂಥ ಕಡೆ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಓದುವ ಕಂಟ್ರೋಲ್ ಸಿಸ್ಟಮ್ಸ್ ವಿಷಯವೇ ಇದರ ಬುನಾದಿ. ರಾಕೆಟ್ಟಿನಿಂದ ಬಿಡುಗಡೆಯಾಗಿ ಗಿರಕಿ ಹೊಡೆಯುವ ಪುಟ್ಟ ಉಪಗ್ರಹವನ್ನು ಶಾಂತಗೊಳಿಸುವ ಬಿ-ಡಾಟ್ ನಿಯಮವನ್ನೇ ನೋಡಿ. ಕಾಂತಕ್ಷೇತ್ರ ಯಾವ ವೇಗದಲ್ಲಿ ಬದಲಾಗುತ್ತಿದೆಯೋ ಅದಕ್ಕೆ ಎದುರಾಗಿ ಸುರುಳಿಗೆ ವಿದ್ಯುತ್ ಹರಿಸು ಎನ್ನುವುದಷ್ಟೇ ಆ ನಿಯಮ. ಇದನ್ನು ಲ್ಯಾಪ್‌ಟಾಪಿನಲ್ಲಿ ಬರೆದು, ಭೂಮಿಯ ಕಾಂತಕ್ಷೇತ್ರದ ಮಾದರಿ ಜೋಡಿಸಿ, ತಿರುಗುವಿಕೆ ಕೆಲವು ಸುತ್ತುಗಳಲ್ಲಿ ತಗ್ಗುವುದನ್ನು ಕಾಣಬಹುದು. ನಾಸಾದ ಜಿಮ್ಯಾಟ್‌ನಂಥ ಕಕ್ಷಾಗಣನೆಯ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ.

ನೈಜ ದತ್ತಾಂಶವೂ ಈಗ ಮುಕ್ತ. ಆಸ್ಟ್ರೋಸ್ಯಾಟ್‌ನ ಸಂಗ್ರಹ 2018ರ ಸೆಪ್ಟೆಂಬರಿನಿಂದ, ಆದಿತ್ಯದ್ದು 2025ರ ಜನವರಿಯಿಂದ ಬ್ಯಾಲಾಳಿನ ದತ್ತಾಂಶ ಕೇಂದ್ರದ ಮೂಲಕ ಎಲ್ಲರಿಗೂ ತೆರೆದಿದೆ. ರಾಜ್ಯದ ವಿದ್ಯಾರ್ಥಿಗಳು ಉಪಗ್ರಹಗಳನ್ನೇ ಕಟ್ಟಿದ್ದಾರೆ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಕಾಲೇಜುಗಳ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು, ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್ 2016ರ ಸೆಪ್ಟೆಂಬರ್ 26ರಂದು ಮೇಲೇರಿದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಸ್ರೊ ಜೊತೆಗಿನ ಬಾಹ್ಯಾಕಾಶ ತಂತ್ರಜ್ಞಾನ ಘಟಕ 1982ರಿಂದಲೂ ಇದೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ದಕ್ಷಿಣ ವಲಯಕ್ಕೆಂದು ಇಸ್ರೊದ ಪ್ರಾದೇಶಿಕ ಶೈಕ್ಷಣಿಕ ಕೇಂದ್ರ ಸ್ಥಾಪಿಸಲು 2020ರಲ್ಲಿ ಒಪ್ಪಂದವಾಯಿತು. ಬೆಂಗಳೂರಿನಾಚೆಯ ಕಾಲೇಜುಗಳು ಈ ಕೇಂದ್ರದ ಬಾಗಿಲನ್ನು ಇನ್ನೂ ಹೆಚ್ಚಾಗಿ ತಟ್ಟಬೇಕು.

ಮುಂದಿನ ಕೆಲಸ

ಈಗಿನ ಸಂಶೋಧನೆ ಒಂದು ಉಪಗ್ರಹದಿಂದ ಜೊತೆಯಾಗಿ ಹಾರುವ ಹಲವು ಉಪಗ್ರಹಗಳ ಕಡೆಗೆ ಹೊರಳಿದೆ. 2024ರ ಡಿಸೆಂಬರ್ 30ರಂದು ಹಾರಿದ ಇಸ್ರೊದ ಸ್ಪೇಡೆಕ್ಸ್‌ನ ತಲಾ 220 ಕಿ.ಗ್ರಾಂ ತೂಕದ ಎರಡು ನೌಕೆಗಳು 2025ರ ಜನವರಿ 16ರಂದು ಕಕ್ಷೆಯಲ್ಲೇ ಒಂದನ್ನೊಂದು ಕೂಡಿದವು. ಇಲ್ಲಿ ಭೂಮಿಯ ಸುತ್ತಲಿನ ಚಲನೆಗಿಂತ ಒಂದಕ್ಕೆ ಇನ್ನೊಂದು ಸಾಪೇಕ್ಷವಾಗಿ ಹೇಗೆ ಚಲಿಸುತ್ತದೆ ಎಂಬುದು ಮುಖ್ಯ. ಮುಂದಿರುವ ನೌಕೆಯನ್ನು ಹಿಡಿಯಲು ವೇಗ ಹೆಚ್ಚಿಸಿದರೆ ಕಕ್ಷೆ ಎತ್ತರವಾಗಿ ನೌಕೆ ಹಿಂದೆ ಬೀಳುತ್ತದೆ. ಇದನ್ನು ಅರಗಿಸಿಕೊಂಡ ಸಮೀಕರಣಗಳು ಬೇರೆಯವೇ. 2024ರ ಡಿಸೆಂಬರ್ 5ರಂದು ಶ್ರೀಹರಿಕೋಟಾದಿಂದ ಭಾರತದ ಪಿಎಸ್‌ಎಲ್‌ವಿ ಹೊತ್ತೊಯ್ದ ಯೂರೋಪಿನ ಪ್ರೋಬಾ-3ರಲ್ಲಿ ಎರಡು ನೌಕೆಗಳು ಸುಮಾರು 150 ಮೀಟರ್ ಅಂತರದಲ್ಲಿ ಮಿಲಿಮೀಟರ್ ನಿಖರತೆಯಿಂದ ಸಾಲಾಗಿ ನಿಂತು, ಮುಂದಿನದು ಸೂರ್ಯನನ್ನು ಮರೆಮಾಡಿ ಹಿಂದಿನದಕ್ಕೆ ಗ್ರಹಣವನ್ನು ಒದಗಿಸುತ್ತದೆ. ಪ್ರೋಬಾ-3 ತೆಗೆದ ಪ್ರಭಾವಲಯದ ಮೊದಲ ಚಿತ್ರಗಳು 2025ರ ಜೂನ್‌ನಲ್ಲಿ ಪ್ರಕಟವಾದವು. ಆದಿತ್ಯವೂ ಅದೇ ಪ್ರಭಾವಲಯವನ್ನು ಬೇರೊಂದು ಜಾಗದಿಂದ ನೋಡುತ್ತಿರುವುದರಿಂದ ಎರಡರ ದತ್ತಾಂಶವನ್ನೂ ಹೋಲಿಸಿ ನೋಡುವ ಅವಕಾಶ ಸಂಶೋಧಕರಿಗೆ ಈಗ ಸಿಕ್ಕಿದೆ.